ಕಾರಿನ ಕೆಳಗಿನ ಚಿಕ್ಕಪ್ಪ

ನನ್ನ ಚಿಕ್ಕಪ್ಪ ಹನುಮಂತರಾಯಪ್ಪನ ಜೊತೆ ನಾನು ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಅವನ ಕಾಲುಗಳ ಜೊತೆ ಆಡಿದ್ದು. ಮಧುಗಿರಿಯ ಅವನ ಮನೆಗೆ ಯಾವಾಗ ಹೋದರೂ ಅಂಗಳದಲ್ಲಿ ಹಳೆಯ ಬಿಳಿ ಕಾರು ನಿಂತಿರುತ್ತಿತ್ತು. ಅದರ ಕೆಳಗಿನಿಂದ ಇಸ್ತ್ರಿಯ ಗೆರೆ ಮುರಿಯದ ಬಿಳಿ ಪ್ಯಾಂಟು, ಪಾಲಿಶ್ ಮಾಡಿದ ಕಪ್ಪು ಬೂಟು ಹೊರಗೆ ಚಾಚಿಕೊಂಡಿರುತ್ತಿದ್ದವು. “ಚಿಕ್ಕಪ್ಪಾ” ಎಂದರೆ ಒಂದು ಬೂಟು ಅಲ್ಲಾಡುತ್ತಿತ್ತು. ಬಂದೆಯಾ, ಕೂತ್ಕೋ ಎಂದು ಅದರ ಅರ್ಥ. ಎರಡೂ ಬೂಟು ಒಟ್ಟಿಗೆ ಅಲ್ಲಾಡಿದರೆ ಕೆಲಸ ಮುಗಿಯಿತು, ಯಾರಾದರೂ ಕಾರು ಸ್ಟಾರ್ಟ್ ಮಾಡಿ ಎಂದು. ಮನೆಯಲ್ಲಿ ಎಲ್ಲರಿಗೂ ಈ ಭಾಷೆ ಬರುತ್ತಿತ್ತು.

ಕಾರಿನ ಕೆಳಗೆ ಮಲಗುವವನಿಗೆ ಬಿಳಿ ಬಟ್ಟೆ ಯಾಕೆ ಎಂದು ಚಿಕ್ಕಮ್ಮ ಒಗೆಯುವ ಕಲ್ಲಿನ ಮುಂದೆ ನಿಂತು ದಿನಾ ಜಗಳ ತೆಗೆಯುತ್ತಿದ್ದಳು. ಅವನದು ಒಂದೇ ಉತ್ತರ. ಸರ್ಕಾರಿ ಆಫೀಸಿನ ಜೀಪು ಓಡಿಸುತ್ತಾ ಸರ್ವೀಸೆಲ್ಲ ಖಾಕಿಯಲ್ಲಿ ಕಳೆದಾಯಿತು, ಇನ್ನು ಮೈಮೇಲೆ ಬಣ್ಣ ಬೀಳಕೂಡದು. ರಿಟೈರ್ ಆದ ವಾರವೇ ಆ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದಿದ್ದ. ನಮ್ಮ ವಂಶದಲ್ಲಿ ಅದೇ ಮೊದಲ ಕಾರು. ಅವನು ಅದನ್ನು ತೊಳೆಯುವುದನ್ನು ನೋಡಿದರೆ ಮಗುವಿಗೆ ನೀರು ಹಾಕುತ್ತಿದ್ದಾನೇನೋ ಎನಿಸುತ್ತಿತ್ತು.

ಕಾರಿನ ಮಿಕ್ಕೆಲ್ಲ ಗಟ್ಟಿಯಾಗಿತ್ತು. ಸೈಲೆನ್ಸರ್ ಮಾತ್ರ ತುಕ್ಕು ಹಿಡಿದು ಜರಡಿಯಾಗಿತ್ತು. ತಿಂಗಳಿಗೊಂದು ಕಡೆ ತೂತು ಬೀಳುತ್ತಿತ್ತು, ಇಲ್ಲವೇ ಜೋತು ಬಿದ್ದು ನೆಲ ಉಜ್ಜುತ್ತಿತ್ತು. ಚಿಕ್ಕಪ್ಪ ಹುತ್ತದ ಮಣ್ಣಿಗೆ ಒಲೆಯ ಬೂದಿ ಕಲಸಿ ತೂತಿಗೆ ಮೆತ್ತುತ್ತಿದ್ದ. ಅದರ ಮೇಲೆ ಖಾಲಿ ಡಬ್ಬವೊಂದನ್ನು ಸೀಳಿದ ತಗಡು ಸುತ್ತಿ, ಕಂಬಿ ಕಟ್ಟುವವರ ಬೈಂಡಿಂಗ್ ವೈರಿನಿಂದ ಬಿಗಿಯುತ್ತಿದ್ದ. ಎಂಜಿನ್ನಿನ ಬಿಸಿಗೆ ಮಣ್ಣು ಸುಟ್ಟು ಹೆಂಚಿನ ಹಾಗೆ ಗಟ್ಟಿಯಾಗುತ್ತಿತ್ತು. ಬಿರುಕು ಬಿಟ್ಟ ಒಲೆಗೆ ನಮ್ಮಜ್ಜಿ ಮೆತ್ತುತ್ತಿದ್ದುದೂ ಅದೇ ಮಣ್ಣು. ಆದರೆ ಸೈಲೆನ್ಸರನ್ನು ಕಾರಿನ ತಳಕ್ಕೆ ತೂಗುಹಾಕುವಾಗ ವೈರು ಮುಟ್ಟುತ್ತಿರಲಿಲ್ಲ, ಹಳೆಯ ಟಯರಿನ ಪಟ್ಟಿಯೇ ಆಗಬೇಕಿತ್ತು. “ಸೈಲೆನ್ಸರ್ ಒಸಿ ತೂಗಾಡ್ಬೇಕು ಕಣಮ್ಮ. ಬಿಗ್ಯಾಗಿ ಕಟ್ಟುದ್ರೆ ಇನ್ನೊಂದ್ ಕಡೆ ಸೀಳ್ಕಂಡು ಓಯ್ತದೆ” ಎಂದು ನನಗೆ ಪಾಠ ಹೇಳುತ್ತಿದ್ದ. ನನಗೆ ಆಗ ಸೈಕಲ್ಲೂ ಬರುತ್ತಿರಲಿಲ್ಲ.

ಅವನ ರಿಪೇರಿಯೆಲ್ಲ ಗೆದ್ದಿತು ಎಂದು ತಿಳಿಯಬೇಡಿ. ಒಮ್ಮೆ ಡಬ್ಬ ಸಿಗದೆ ಚಿಕ್ಕಮ್ಮನ ಗಂಧದ ಪೌಡರಿನ ಡಬ್ಬವನ್ನೇ ಸೀಳಿ ಸುತ್ತಿದ. ಮಧುಗಿರಿ ದಾಟುವಷ್ಟರಲ್ಲಿ ಡಬ್ಬದ ಬಣ್ಣ ಸುಟ್ಟು ಕಾರೊಳಗೆ ಹೊಗೆ ತುಂಬಿತು. ಹೊಗೆಗೆ ಪೌಡರಿನ ವಾಸನೆ ಬೇರೆ. ಕೊರಟಗೆರೆಯಲ್ಲಿ ಚಿಕ್ಕಮ್ಮ ಕೆಮ್ಮುತ್ತಾ ಇಳಿದವಳು ಗಂಡನ ಮುಖ ಕೂಡ ನೋಡದೆ ತುಮಕೂರಿನ ಬಸ್ಸು ಹತ್ತಿಬಿಟ್ಟಳು. ಚಿಕ್ಕಪ್ಪ ಬಸ್ಸಿನ ಹಿಂದೆಯೇ, ಕಿಟಕಿಗಳನ್ನೆಲ್ಲ ಇಳಿಸಿಕೊಂಡು, ಊದುಬತ್ತಿಯಂತೆ ಹೊಗೆಯಾಡುತ್ತಾ ತುಮಕೂರು ಸೇರಿದ. ಆಮೇಲಿಂದ ಯಾವ ಡಬ್ಬವನ್ನೂ ಮೊದಲು ಒಲೆಗೆ ಹಾಕಿ ಬಣ್ಣ ಸುಡದೆ ಬಳಸಲಿಲ್ಲ. ಮನೆಯಲ್ಲಿ ಒಂದು ಡಬ್ಬವೂ ಉಳಿಯುತ್ತಿಲ್ಲ, ಬೇಳೆಯನ್ನು ಸೆರಗಿನಲ್ಲಿ ಕಟ್ಟಿಡಲೇ ಎಂದು ಚಿಕ್ಕಮ್ಮ ಬೀದಿಗೆ ಕೇಳುವಂತೆ ಹೇಳುತ್ತಿದ್ದಳು.

ಶಿರಾದ ಮೆಕ್ಯಾನಿಕ್ ಸಾಹೇಬರು ಚಿಕ್ಕಪ್ಪನ ಹಳೆಯ ಸ್ನೇಹಿತರು. ಕಾರು ನೋಡಿದಾಗಲೆಲ್ಲ ಇದನ್ನು ಬಿಚ್ಚಿ ಹೊಸದು ಹಾಕಿಸು ಎನ್ನುತ್ತಿದ್ದರು. ನಾನೂ ಒಮ್ಮೆ ಹೇಳಿದೆ. ಚಿಕ್ಕಪ್ಪ ಕೈಯಲ್ಲಿದ್ದ ಪ್ಲೈಯರ್ ಕೆಳಗಿಟ್ಟ. “ಆಫೀಸಿನ ಜೀಪಲ್ಲಿ ಒಂದು ನಟ್ಟು ಮುಟ್ಟಾಕೂ ಆಫೀಸರ್ ಸೈನ್ ಬೇಕಾಗಿತ್ತು. ಇದು ನಂದು. ನಾನು ಬಿಚ್ತೀನಿ, ನಾನು ಕಟ್ತೀನಿ.” ಮತ್ತೆ ಕೆಳಗೆ ನುಸುಳಿದ.

ನಮ್ಮೂರು ಐ.ಡಿ.ಹಳ್ಳಿಯ ಕಡೆ. ನಮ್ಮ ಕೇರಿಯಿಂದ ಬಸ್ಸಿನ ರಸ್ತೆಗೆ ಎರಡು ದಾರಿ. ಊರ ನಡುವಿನ ದೊಡ್ಡಬೀದಿ ಒಂದು, ಕೆರೆ ಏರಿಯ ಮೇಲೆ ಸುತ್ತಿಕೊಂಡು ಬರುವುದು ಇನ್ನೊಂದು. ನನ್ನ ಅಜ್ಜ ದೊಡ್ಡಬೀದಿಗೆ ಕಾಲಿಡಬೇಕಾದರೆ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಅಪ್ಪ ಮತ್ತು ಚಿಕ್ಕಪ್ಪ ಚಿಕ್ಕವರಾಗಿದ್ದಾಗ ಅವನ ಹಿಂದೆ ಹಾಗೆಯೇ ನಡೆದವರು. ಆ ಕಾಲ ಹೋಯಿತು. ಈಗ ಯಾರೂ ಯಾರನ್ನೂ ತಡೆಯುವುದಿಲ್ಲ. ಆದರೂ ಕೇರಿಯ ಮದುವೆ ದಿಬ್ಬಣ ಮಾತ್ರ ಏರಿಯ ಮೇಲೇ ಹೋಗುತ್ತಿತ್ತು. ಯಾಕೆ ಎಂದು ಯಾರೂ ಕೇಳುತ್ತಲೂ ಇರಲಿಲ್ಲ.

ನನ್ನ ಮದುವೆ ಗೊತ್ತಾದಾಗ ಚಿಕ್ಕಪ್ಪ ಯಾಕೆ ಎಂದು ಕೇಳಿದ. ಕೇಳಿ ತಾನೇ ಉತ್ತರವನ್ನೂ ಹೇಳಿದ. ಮದುಮಗಳು ದೊಡ್ಡಬೀದಿಯಲ್ಲೇ ಹೋಗುತ್ತಾಳೆ, ಈ ಚಿಕ್ಕಪ್ಪನ ಕಾರಿನಲ್ಲೇ ಹೋಗುತ್ತಾಳೆ. ಅಪ್ಪನಿಗೆ ಜೀವ ಬಾಯಿಗೆ ಬಂತು. ಅಪ್ಪ ಜಗಳಗಂಟನಲ್ಲ, ಯಾರ ಬಾಯಿಗೂ ಬೀಳದೆ ಬದುಕಿದರೆ ಸಾಕು ಎನ್ನುವ ಮನುಷ್ಯ. ಹೋಗುವುದಾದರೆ ಹೋಗೋಣ, ಆದರೆ ಆ ನಿನ್ನ ಕಾರಿನ ಸದ್ದಿಗೆ ಬೀದಿಯವರೆಲ್ಲ ಜಗಲಿಗೆ ಬಂದು ನಗುವಂತೆ ಆಗಬಾರದು, ಮಗಳ ಮದುವೆಯ ದಿನ ಒಂದು ಮಾತು ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ ಎಂದ. ಚಿಕ್ಕಪ್ಪ ಮಾತು ಕೊಟ್ಟ. “ಇರುವೆ ಹರಿದಂಗೆ ಓಗ್ತದೆ ಕಣಣ್ಣ, ನೀನು ಸುಮ್ಕಿರು.” ಆಮೇಲೆ ಮದುವೆಯವರೆಗೂ ನಾವು ಅವನ ಮುಖ ನೋಡಿದ್ದು ಊಟದ ಹೊತ್ತಿನಲ್ಲಿ ಮಾತ್ರ.

ಬೇಸಿಗೆಯ ದಿನ. ಮದುವೆ ಮಧುಗಿರಿಯ ಛತ್ರದಲ್ಲಿ. ಹೊರಡುವಾಗಲೇ ಬಿಸಿಲು ಏರಿತ್ತು. ಅಪ್ಪ ಮುಂದೆ, ನಾನು ಚಿಕ್ಕಮ್ಮ ಹಿಂದೆ. ಕಾರು ನಿಜಕ್ಕೂ ಸದ್ದಿಲ್ಲದೆ ದೊಡ್ಡಬೀದಿಗೆ ತಿರುಗಿತು. ಚಿಕ್ಕಪ್ಪ ಕನ್ನಡಿಯಲ್ಲಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಪಟೇಲರ ಮನೆಯ ಮುಂದೆ ರಸ್ತೆಗೆ ಅಡ್ಡ ಹಾಕಿದ್ದ ಹಂಪಿನ ಮೇಲೆ ಹತ್ತಿ ಇಳಿಯಿತು ನೋಡಿ, ಕೆಳಗೆ ಏನೋ ಕಳಚಿ ಬಿತ್ತು. ಆ ಸದ್ದನ್ನು ಹೇಗೆ ಹೇಳಲಿ. ಎಮ್ಮೆಗಳು ಗೂಟ ಕಿತ್ತುಕೊಂಡವು. ಬೀದಿಯ ಅಷ್ಟೂ ಬಾಗಿಲಲ್ಲಿ ಜನ.

ಅಪ್ಪನ ಮುಖ ಬಿಳಿಚಿಕೊಂಡಿತು. ನಿಲ್ಲಿಸಬೇಡ, ಹೀಗೇ ಹೋಗಿಬಿಡೋಣ ಎಂದು ಪಿಸುಗುಟ್ಟಿದ. ಚಿಕ್ಕಪ್ಪ ಎಂಜಿನ್ ಆರಿಸಿ ಕೆಳಗಿಳಿದ. ಶರ್ಟಿನ ತೋಳು ಮಡಿಸಿದ. ಡಿಕ್ಕಿಯಲ್ಲಿ ವೈರು, ಪ್ಲೈಯರ್ ಇದ್ದವು. ಡಬ್ಬ ಇರಲಿಲ್ಲ, ನನ್ನ ಪೆಟ್ಟಿಗೆಗಳಿಗೆ ಜಾಗ ಬೇಕೆಂದು ಎಲ್ಲ ತೆಗೆದಿಟ್ಟು ಬಂದಿದ್ದ. ಪಟೇಲರ ಮನೆಯ ಯಜಮಾನರು ಜಗಲಿಯ ಮೇಲೇ ಇದ್ದರು.

“ಯಜಮಾನ್ರೇ, ಒಂದು ಖಾಲಿ ಡಬ್ಬ ಇದ್ರೆ ಕೊಡಿ. ವಾಪಸ್ ಕೊಡಾಕಾಗಲ್ಲ” ಎಂದು ಹೇಳಿ, ಉತ್ತರಕ್ಕೂ ಕಾಯದೆ, ಆ ಬಿಳಿ ಬಟ್ಟೆಯಲ್ಲಿ ದೊಡ್ಡಬೀದಿಯ ನಡುಮಧ್ಯೆ ಅಂಗಾತ ಮಲಗಿ ಕಾರಿನ ಕೆಳಗೆ ಸರಿದ.

ಯಜಮಾನರ ಸೊಸೆ ಒಳಗಿನಿಂದ ಬಣ್ಣವಿಲ್ಲದ ಬರಿ ತಗಡಿನ, ಖಾಲಿಯಾದ ತುಪ್ಪದ ಡಬ್ಬ ತಂದಳು. ನಮ್ಮವರಿಗೆ ಏನಾದರೂ ಕೊಡುವಾಗ ಆ ಮನೆಯಲ್ಲಿ ಮೊದಲಿನಿಂದ ಮಾಡುತ್ತಿದ್ದ ಹಾಗೆ ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿದಳು. ತೆಗೆದುಕೊಳ್ಳಬೇಕಾದವನು ಕಾರಿನ ಕೆಳಗಿದ್ದ. ಅಲ್ಲಿಂದ ಒಂದು ಕೈ ಮಾತ್ರ ಹೊರಗೆ ಬಂದು, ಅಂಗೈ ಅಗಲಿಸಿ ಕಾಯುತ್ತಿತ್ತು. ನಾನು ಇಳಿದು ಹೋಗಿ ತರಬಹುದಿತ್ತು. ಚಿಕ್ಕಮ್ಮ ನನ್ನ ಮೊಣಕೈ ಹಿಡಿದು ಕೂರಿಸಿದಳು. ಡಬ್ಬ ಜಗಲಿಯ ಮೇಲೆ, ಕೈ ಬೀದಿಯಲ್ಲಿ. ಕೊನೆಗೆ ಯಜಮಾನರೇ ಎದ್ದರು, ಡಬ್ಬ ತೆಗೆದುಕೊಂಡು ಮೂರು ಮೆಟ್ಟಿಲಿಳಿದು ಬಂದು, ಬಗ್ಗಿ ಆ ಕೈಯೊಳಗೆ ಇಟ್ಟರು. ಕಾದ ಪೈಪು, ಕೈ ಜೋಪಾನ ಎಂದೂ ಹೇಳಿದರು.

ಆಮೇಲೆ ನಾವೆಲ್ಲ ಇಳಿದೆವು. ಸುತ್ತ ಜನ ಸೇರಿದರು. ಹಿಂದೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ನಾನು ರೇಷ್ಮೆ ಸೀರೆಯಲ್ಲಿ, ಬಾಸಿಂಗವೊಂದು ಬಾಕಿ ಎನ್ನುವಂಥ ಅಲಂಕಾರದಲ್ಲಿ ದೊಡ್ಡಬೀದಿಯಲ್ಲಿ ನಿಂತಿದ್ದೆ. ಮೊದಲು ಅಳು ಬರುವಂತಿತ್ತು. ಯಜಮಾನರ ಸೊಸೆ ನನ್ನ ಸೀರೆಯ ಅಂಚು ನೋಡಿ ಎಲ್ಲಿ ತಂದದ್ದು ಎಂದು ಕೇಳಿದ ಮೇಲೆ ಅಳು ಹೋಯಿತು. ಬೂಟುಗಳು ಮಾತ್ರ ಅಲ್ಲಾಡಲೇ ಇಲ್ಲ. ಪ್ಲೈಯರಿನ ಸದ್ದೂ ನಿಂತಿತ್ತು. ಅಪ್ಪ ಬಾನೆಟ್ಟಿನ ಪಕ್ಕ ನಿಂತು ಒಂದು ಕಾಲೆತ್ತಿ ಇನ್ನೊಂದು ಇಳಿಸುತ್ತಿದ್ದ. ಸಿಮೆಂಟು ರಸ್ತೆ ಹಂಚಿನ ಹಾಗೆ ಕಾದಿತ್ತು. ಬಹಳ ಹೊತ್ತಿನ ಮೇಲೆ ಕಾರಿನ ಬಾಗಿಲು ತೆಗೆದು, ಮದುವೆಗೆಂದು ಕೊಂಡ ಹೊಸ ಮೆಟ್ಟು ಹೊರಗೆ ತೆಗೆದು ಹಾಕಿಕೊಂಡ. ಕಚ್ಚುತ್ತವೆ ಎಂದು ಬಿಚ್ಚಿಟ್ಟಿದ್ದನೇನೋ ಎಂದುಕೊಂಡೆ.

ಆಗ ಎರಡೂ ಬೂಟು ಅಲ್ಲಾಡಿದವು. ಅಪ್ಪನೇ ಒಳಗೆ ಬಗ್ಗಿ ಕೀಲಿ ತಿರುಗಿಸಿದ. ಕಾರು ಬೆಕ್ಕಿನಂತೆ ಗುರುಗುಟ್ಟಿತು, ಅಷ್ಟೇ. ಟ್ರ್ಯಾಕ್ಟರಿನ ಮೇಲೆ ಕೂತಿದ್ದವರು ಸಿಳ್ಳೆ ಹಾಕಿದರು. ಚಿಕ್ಕಪ್ಪ ಎದ್ದು ನಿಂತಾಗ ಎದುರಿನಿಂದ ಹಾಲಿನಂಥ ಬಿಳಿ, ಬೆನ್ನಿನ ಕಡೆ ಬೀದಿಯ ಅಷ್ಟೂ ಮಣ್ಣು. ಚಿಕ್ಕಮ್ಮ ಎಷ್ಟು ಬೈದರೂ ಛತ್ರದಲ್ಲಿ ಶರ್ಟು ಬದಲಾಯಿಸಲಿಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಒಂದು ಫೋಟೋ ಇದೆ, ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಅವನೊಬ್ಬ ಬೇಕೆಂದೇ ಬೆನ್ನು ತೋರಿಸಿ ನಿಂತಿದ್ದಾನೆ. ಅಲ್ಲಿಂದಾಚೆ ಕೇರಿಯ ದಿಬ್ಬಣಗಳೆಲ್ಲ ದೊಡ್ಡಬೀದಿಯಲ್ಲೇ ಹೋಗುತ್ತವೆ. ಆ ಹಂಪು ಬಂದಾಗ ಮಾತ್ರ ಡ್ರೈವರುಗಳು ನಿಧಾನ ಮಾಡುತ್ತಾರೆ.

ಹೋದ ವರ್ಷ ಚಿಕ್ಕಪ್ಪ ಹಾಸಿಗೆ ಹಿಡಿದ. ಕಾರು ಈಗ ನನ್ನ ಹತ್ತಿರವಿದೆ, ಸೈಲೆನ್ಸರ್ ಅದೇ. ಅವನು ತೀರಿಹೋಗುವುದಕ್ಕೆ ಕೆಲವೇ ದಿನ ಮೊದಲು ನೋಡಲು ಹೋದಾಗ, ಅವನನ್ನು ನಗಿಸೋಣವೆಂದು, ನನ್ನ ಮದುವೆಯ ದಿನ ಒಂದು ಡಬ್ಬ ಸುತ್ತುವುದಕ್ಕೆ ಅಷ್ಟು ಹೊತ್ತು ಬೇಕಿತ್ತೇ, ನೀನೆಂಥ ಮೆಕ್ಯಾನಿಕ್ ಎಂದು ಕೆಣಕಿದೆ.

“ಅದು ಆಗ್ಲೇ ಕಟ್ಟಿ ಮುಗ್ದಿತ್ತು ಕಣಮ್ಮ. ಡಬ್ಬ ಕೈಗೆ ಬಂದ್ಮೇಲೆ ಎಷ್ಟೊತ್ತು?” ಎಂದ. ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದ. “ಈಚೆ ಬರಾನ ಅಂತ ತಿರುಗುದ್ರೆ ಕೆಳಗಿಂದ ಎಲ್ರ ಕಾಲೂ ಕಾಣ್ತಿದ್ವು. ನಿಮ್ಮಪ್ಪ ಬರಿಗಾಲಲ್ಲಿ ನಿಂತಿದ್ದ. ಯಾರೂ ಏನೂ ಅಂದಿರ್ಲಿಲ್ಲ, ಅವನೇ ಮೆಟ್ಟು ಕಾರೊಳಗೆ ಬುಟ್ಟು ಇಳ್ದಿದ್ದ, ನಮ್ಮಪ್ಪನಂಗೇ. ರೋಡು ಕಾಯ್ತಿತ್ತು. ಅವನು ಮೆಟ್ಟು ಹಾಕ್ಕಳಗಂಟ ಏಳಾಕಿಲ್ಲ ಅಂತ ಮಲೀಕಂಡುಬುಟ್ಟೆ.”

ನಿಮ್ಮಪ್ಪನಿಗೆ ಹೇಳಬೇಡ ಎಂದು ಕೈಸನ್ನೆ ಮಾಡಿದ. ಮುಖದ ತುಂಬ ನಗುವಿತ್ತು. ಹೊದಿಕೆಯ ಕೆಳಗೆ ಎರಡೂ ಕಾಲು ಒಟ್ಟಿಗೆ ಅಲ್ಲಾಡಿದವು.