ಸಿರಿಂಜಿನಲ್ಲಿ ಇಲ್ಲದ ಗುಳ್ಳೆ

ಎಬ್ಬಾ ರಾವ್ನ್ ಜೊತೆ ಒಂದೇ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಏಗಿದವಳು ನಾನು. ಏಗಿದೆ ಅಂತಲೇ ಹೇಳಬೇಕು, ಸುಳ್ಳು ಯಾಕೆ? ರಕ್ತದ ಸಿರಿಂಜಿನಲ್ಲಿ ಸಾಸಿವೆಯಷ್ಟು ಗಾಳಿಗುಳ್ಳೆ ಕಂಡರೆ ಸಾಕು, "ರಿಗ್ಮೋರ್, ಕಣ್ಣು ಮನೇಲಿ ಬಿಟ್ಟು ಬಂದ್ಯಾ?" ಅಂತ ಎಲ್ಲರೆದುರು ಮಾನ ಕಳೆಯೋರು. ಗುಳ್ಳೆ ಇದ್ದರೆ ರಕ್ತದಲ್ಲಿರೋ ಇಂಗಾಲದ ಗಾಳಿ ಅದರೊಳಕ್ಕೆ ಜಾರಿಕೊಳ್ಳುತ್ತೆ, ರಕ್ತದ ಹುಳಿ ಕಡಿಮೆಯಾಗುತ್ತೆ, ಅಳತೆ ಕೆಡುತ್ತೆ. ಇಪ್ಪತ್ತಾರು ವರ್ಷದಲ್ಲಿ ತನ್ನ ಕೈಯಿಂದ ಒಂದು ಗುಳ್ಳೆಯೂ ಬಂದಿಲ್ಲ ಅನ್ನೋದು ಅವರ ಜಂಬ. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಆ ಜಂಬ, ಒಂದು ಸೈಕಲ್ಲು, ಚೀಲದಲ್ಲಿ ಸದಾ ಒಂದು ಅರೆಮುಗಿದ ಸ್ವೆಟರು. ಆಸ್ಪತ್ರೆಗೆಲ್ಲ ಅವರು ಫ್ರೋಕನ್, ಅಂದರೆ ಮದುವೆಯಾಗದ ಅಮ್ಮಾವ್ರು.

1952ರಲ್ಲಿ ನಮ್ಮ ಕೋಪನ್‌ಹೇಗನ್ನಿಗೆ ಪೋಲಿಯೋ ಬಡಿಯಿತು. ಉಸಿರಾಡಲಾಗದ ಮಕ್ಕಳ ಗಂಟಲಿಗೆ ಕೊಳವೆ ಹಾಕಿ, ಅದಕ್ಕೆ ರಬ್ಬರ್ ಚೀಲ ಸಿಕ್ಕಿಸಿ, ಕೈಯಲ್ಲೇ ಅದುಮಿ ಉಸಿರು ಕೊಡಬೇಕು. ಯಂತ್ರಗಳು ಎಲ್ಲಿ ಸಾಲುತ್ತವೆ! ಡಾಕ್ಟರಿಕೆ ಓದುತ್ತಿದ್ದ ಹುಡುಗರೇ ಪಾಳಿ ಹಾಕಿಕೊಂಡು ಅದುಮುತ್ತಿದ್ದರು.

ಮೆರೆಟೆ ಅನ್ನೋ ಒಂಬತ್ತು ವರ್ಷದ ಮಗು ಇತ್ತು. ಬಲಗೈ ಒಂದು ಬಿಟ್ಟರೆ ಮೈಯೆಲ್ಲ ಸೋತಿತ್ತು. ಬೆಳಿಗ್ಗೆ ಕಣ್ಣಲ್ಲೇ ನಗುತ್ತಿದ್ದವಳಿಗೆ ಮಧ್ಯಾಹ್ನವಾದರೆ ಆ ಬಲಗೈಯ ಬೆರಳು ಸೆಟೆದುಕೊಳ್ಳೋದು, ಕಣ್ಣು ಮಂಕಾಗೋದು. ಮೂರನೇ ದಿನ ಫಿಟ್ಸೇ ಬಂತು.

"ರೋಗ ಮಿದುಳಿಗೆ ಏರಿದೆ," ಅಂದರು ದೊಡ್ಡ ಡಾಕ್ಟರು. "ಶನಿವಾರದವರೆಗೆ ನೋಡೋಣ. ಆಮೇಲೆ ಇವಳ ಹತ್ತಿರ ಇರೋ ಹುಡುಗರನ್ನ ಬದುಕೋ ಮಕ್ಕಳಿಗೆ ಕೊಡಿ." ಚೀಲ ಅದುಮೋ ಕೈ ತೆಗೆದರೆ ಆ ಮಗು ಅಲ್ಲಿಗೆ ಮುಗಿಯಿತು.

ಎಬ್ಬಾ ಅಳತೆ ಚೀಟಿ ಹಿಡಿದು ಅವರ ಹತ್ತಿರ ಹೋದರು. ಬೆಳಗಿನ ರಕ್ತ 7.4, ಸರಿಯಾಗಿದೆ. ಮಧ್ಯಾಹ್ನದ್ದು 7.65. ಈ ಅಂಕಿ ಏರಿದಷ್ಟೂ ಹುಳಿ ಕಡಿಮೆ ಅಂತ ಅರ್ಥ. ಹುಳಿ ಬತ್ತಿ ರಕ್ತ ಕ್ಷಾರಕ್ಕೆ ತಿರುಗಿದೆ.

"ನಿಮ್ಮ ಸಿರಿಂಜಲ್ಲಿ ಗುಳ್ಳೆ ಇತ್ತೇನೋ, ಫ್ರೋಕನ್," ಅಂತ ನಕ್ಕುಬಿಟ್ಟರು ಪುಣ್ಯಾತ್ಮ.

ಅಯ್ಯೋ, ಆವತ್ತು ಎಬ್ಬಾರ ಮುಖ ನೋಡಬೇಕಿತ್ತು! ಮರುದಿನ ಮಧ್ಯಾಹ್ನ ರಕ್ತ ಕೆಡದ ಹಾಗೆ ಇಡೋಕೆ ಐಸಿನ ಬಟ್ಟಲು ಹಿಡಿದು ತಾವೇ ವಾರ್ಡಿಗೆ ಹೊರಟರು, ಹಿಂದೆ ನಾನು. ಸಿರಿಂಜಿನಲ್ಲಿ ಗುಳ್ಳೆ ಇರಲಿಲ್ಲ. ಅಳತೆ ಮತ್ತೆ ಅಷ್ಟೇ. ಎಬ್ಬಾ ಮಂಚದ ಪಕ್ಕ ಕುರ್ಚಿ ಎಳೆದು ಹೆಣಿಗೆ ತೆಗೆದು ಕೂತರು. ಮಧ್ಯಾಹ್ನದ ಪಾಳಿಯ ಹುಡುಗ ಟೋರ್ಕಿಲ್ ಬೆವರುತ್ತಾ ಅದುಮುತ್ತಲೇ ಇದ್ದ.

"ಏನಪ್ಪಾ, ರೈಲು ಓಡಿಸ್ತಿದೀಯಾ?"

"ಕಮ್ಮಿ ಆದ್ರೆ ಸತ್ತೋಗ್ತಾಳೆ, ಫ್ರೋಕನ್. ಹೋದ ವಾರ ಒಬ್ಬ ಪುಟ್ಟ ಹುಡುಗ ನನ್ನ ಕೈಯಲ್ಲೇ ಹೋದ. ಉಸಿರು ಸಾಲ್ಲಿಲ್ಲ ಅಂದ್ರು."

"ಅವನಿಗೆ ಸಾಲ್ಲಿಲ್ಲ, ಇವಳಿಗೆ ಜಾಸ್ತಿಯಾಗ್ತಿದೆ. ರಕ್ತದ ಹುಳಿಯನ್ನೆಲ್ಲ ಊದಿ ಊದಿ ಆಚೆ ಹಾಕ್ತಿದೀಯ. ಬದುಕೋಕೆ ಹುಳೀನೂ ಬೇಕು ಕಣಪ್ಪಾ."

ಅವನ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ಆ ಫಿಟ್ಸು... ನನ್ನಿಂದಾನಾ? ಬೇರೆ ಯಾರನ್ನಾದ್ರೂ ಕರೀರಿ, ನನ್ನ ಕೈಲಾಗಲ್ಲ."

"ಕೂತ್ಕೊ ಸುಮ್ನೆ! ನೀನೆದ್ರೆ ಇವಳಿಗೆ ಉಸಿರು ನಿಮ್ಮಪ್ಪ ಬಂದು ಕೊಡ್ತಾನಾ? ನನ್ನ ಸೂಜಿ ನೋಡು. ಮೂರು ಸಲ ದಾರ ಸುತ್ತಿದಾಗ ಒಂದ್ಸಲ ಅದುಮು. ಅಷ್ಟೇ."

ಸೂಜಿ ಟಿಕ್ ಟಿಕ್ ಅಂದಂತೆ ಅವನ ಕೈ ನಿಧಾನವಾಯಿತು. ಒಂದು ಗಂಟೆಯಲ್ಲಿ ಮೆರೆಟೆಯ ಬೆರಳುಗಳು ಬಿಚ್ಚಿಕೊಂಡವು. ಅಳತೆ 7.42. ನನಗೆ ಅಳು ಬಂತು, ನಾಚಿಕೆಯೇನಿಲ್ಲ ಹೇಳೋಕೆ.

ಶನಿವಾರ ದೊಡ್ಡ ಡಾಕ್ಟರು ಬಂದಾಗ ಮಗು ಕಣ್ಣಲ್ಲೇ ನಗುತ್ತಿತ್ತು. "ರೋಗ ತಾನಾಗೇ ಇಳಿದಿದೆ! ಇವಳು ಇಲ್ಲೇ ಇರಲಿ. ಅಲ್ಲಾ ಫ್ರೋಕನ್, ಹಾಗಾದ್ರೆ ನಿಮ್ಮ ಆ ಅಳತೆ?"

ಹಿಂದಿನ ವಾರವಷ್ಟೇ ಸಣ್ಣ ತಪ್ಪಿಗೆ ಒಬ್ಬ ವಿದ್ಯಾರ್ಥಿಯನ್ನು ಮನೆಗೆ ಅಟ್ಟಿದ್ದ ಮನುಷ್ಯ ಅವರು. ಟೋರ್ಕಿಲ್ ತಲೆ ತಗ್ಗಿಸಿ ಚೀಲ ಅದುಮುತ್ತಿದ್ದ. ನಾನು ಬಾಯಿ ತೆರೆಯೋದರೊಳಗೆ ಎಬ್ಬಾ ಹೇಳಿಬಿಟ್ಟರು: "ಗುಳ್ಳೆ ಇತ್ತು, ಡಾಕ್ಟರೇ. ನನ್ನ ತಪ್ಪು." ದಾಖಲೆ ಪುಸ್ತಕದಲ್ಲೂ ಹಾಗೇ ಬರೆದರು.

"ತಲೆ ಕೆಟ್ಟಿದೆಯಾ ನಿಮಗೆ?" ಅಂತ ಕಾರಿಡಾರಿನಲ್ಲಿ ಕೂಗಾಡಿದೆ.

"ಇವತ್ತು ಅವನನ್ನ ಅಟ್ಟಿದ್ರೆ ಜನ್ಮದಲ್ಲಿ ಮತ್ತೆ ಚೀಲ ಮುಟ್ತಿರಲಿಲ್ಲ ಕಣೇ. ನನ್ನ ಜಂಬ ಯಾರಿಗಾದ್ರೂ ಉಸಿರು ಕೊಡುತ್ತಾ?" ಅಂದವರು ಎಲ್ಲ ವಾರ್ಡಿಗೂ ಹೆಣಿಗೆ ಹಿಡಿದು ಹೋಗಿ, ಒಬ್ಬೊಬ್ಬ ಹುಡುಗನ ಕೈಗೂ ಆ ಲೆಕ್ಕ ಕಲಿಸಿದರು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರು ಬೆನ್ನ ಹಿಂದೆ "ಗುಳ್ಳೆ ಫ್ರೋಕನ್" ಅಂತ ನಗೋರು. ಎಬ್ಬಾಗೆ ಅದು ಕೇಳಿಸುತ್ತಿತ್ತು, ನನಗೆ ಗೊತ್ತು.

1959ರಲ್ಲಿ ನಿವೃತ್ತಿಯ ದಿನ ಕಾಫಿ, ಕೇಕು ಇಟ್ಟಿದ್ದೆವು. ಡಾಕ್ಟರ್ ಆಗಿದ್ದ ಟೋರ್ಕಿಲ್ ಬಂದ. ಜೊತೆಗೆ ಊರುಗೋಲು ಹಿಡಿದ ಹದಿನಾರರ ಮೆರೆಟೆ, ತನ್ನ ಉಸಿರು ತಾನೇ ಆಡುತ್ತಾ. ಅವನು ನನ್ನ ಹತ್ತಿರ 52ರ ದಾಖಲೆ ಪುಸ್ತಕ ತರಿಸಿಕೊಂಡು, ಎಬ್ಬಾ ಬರೆದ ಸಾಲಿನ ಕೆಳಗೆ ಎಲ್ಲರೆದುರೇ ಬರೆದ: "ಗುಳ್ಳೆ ಇರಲಿಲ್ಲ. ಅಳತೆ ಸರಿಯಾಗಿತ್ತು. ತಪ್ಪು ನನ್ನದು."

ಎಬ್ಬಾ ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು.

"ತಾರೀಖು ಹಾಕಿಲ್ಲ ನೀನು," ಅಂದರು. ಪುಸ್ತಕ ಮತ್ತೆ ಅವನತ್ತ ತಳ್ಳಿದರು. ಮೆರೆಟೆ ಊರುಗೋಲು ಗೋಡೆಗೆ ಒರಗಿಸಿ, ಬಲಗೈಯಿಂದ ಅವರ ಕೈ ಹಿಡಿದುಕೊಂಡಳು.