ಚಿಕ್ಕಮ್ಮನ ಕ್ಯಾಸೆಟ್

ಅಮ್ಮನ ಟ್ರಂಕು ತೆರೆದರೆ ನುಸಿಗುಳಿಗೆಯ ವಾಸನೆಯ ನಡುವೆ ಹಳೆಯ ಕ್ಯಾಸೆಟ್ ಸಿಕ್ಕಿತು. ಯುದ್ಧದ ಇರಾಕಿನಲ್ಲಿ ನರ್ಸಾಗಿದ್ದ ಚಿಕ್ಕಮ್ಮ ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಗುಬ್ಬಿಯ ನಮ್ಮ ಮನೆಗೆ ಕಳಿಸುತ್ತಿದ್ದಳು. ಮಾತಿನ ಮಧ್ಯೆ ಅಲ್ಲಿ ಬಾಂಬು ಬಿದ್ದು ಪಾತ್ರೆಗಳು ಅದುರುವುದು ಕೇಳಿಸುತ್ತಿತ್ತು. ಬೀದಿಯವರೆಲ್ಲ ಬಂದು ರೇಡಿಯೋ ನಾಟಕದಂತೆ ಕೇಳಿ, ಕಾಫಿ ಕುಡಿದು ಹೋಗುತ್ತಿದ್ದರು.

"ದಿನಾ ಇದೇ ಕಣಕ್ಕಾ, ಬಂದ್ಬಿಡ್ಲಾ?" ಎಂದು ಅವಳು ಕೇಳುತ್ತಿದ್ದಳು.

"ಒಸಿ ತಡ್ಕಳೇ, ಮನೆಗೆ ತಾರಸಿ ಆಗ್ಲಿ" ಎಂದು ಅಮ್ಮ ಅದೇ ಕ್ಯಾಸೆಟ್ಟಿನ ಮೇಲೆ ಉತ್ತರ ತುಂಬಿಸುತ್ತಿದ್ದಳು. ಕೊನೆಯದನ್ನು ಅಂಚೆಗೆ ಹಾಕುವ ಮೊದಲೇ ಚಿಕ್ಕಮ್ಮ ಸತ್ತಳೆಂಬ ತಂತಿ ಬಂತು.

ಈಗ ಹಾಕಿ ಕೇಳಿದೆ. ಅವಳ ದನಿ ಎಲ್ಲೂ ಇಲ್ಲ, ನಾವೇ ಅಳಿಸಿದ್ದೆವು. ಕೊನೆಗೆ ನನ್ನದೇ ಎಳೆಯ ದನಿ: "ಚಿಕ್ಕಮ್ಮಾ, ಮುಂದಿನ್ಸಲ ಬಾಂಬ್ ಇನ್ನೂ ಜೋರಾಗಿ ಕೇಳ್ಸು."