ರೈಲು ಬೋಗಿಯಲ್ಲಿ ಹೇಳಿದ ಸಾಲ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಗಂಟೆಯ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಮೋಟರ್ ಬೈಕಿನ ಸದ್ದು ನಮ್ಮ ಅಂಗಳಕ್ಕೆ ಬಂದು ನಿಂತಾಗ ನಾನು ಕೈಗಡಿಯಾರ ನೋಡುತ್ತಿದ್ದೆ. ಬಿ.ಕಾಂ. ಪಾಸಾದದ್ದಕ್ಕೆ ಅಪ್ಪ ಕೊಡಿಸಿದ್ದ ಗಡಿಯಾರ. ಗಣಿಯಲ್ಲಿ ಅಪ್ಪನ ಮೊದಲ ಪಾಳಿ ಮುಗಿದು, ರೈಲು ಬಂಗಾರಪೇಟೆಗೆ ಬಂದು, ಅಲ್ಲಿಂದ ಎರಡು ಮೈಲಿ ಸೈಕಲ್ ತುಳಿದು ಅವರು ಮನೆ ಸೇರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಬಂದವರಿಗೂ ಅದು ಗೊತ್ತಿತ್ತು.

ಇಬ್ಬರು ಗಂಡಸರು. ಒಬ್ಬ ಬೈಕಿನ ಮೇಲೇ ಕೂತ. ಇನ್ನೊಬ್ಬ, ಗೀರು ಗೀರಿನ ಅಂಗಿಯವನು, ನೇರವಾಗಿ ಹಸುವಿನ ಹತ್ತಿರ ಹೋಗಿ ಹಗ್ಗಕ್ಕೆ ಕೈ ಹಾಕಿದ. ಅಮ್ಮ ಓಡಿ ಹೋಗಿ ಹಗ್ಗದ ಇನ್ನೊಂದು ತುದಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ನಿಂತರು.

"ಅಸೀನ ಮುಟ್ಟಬೇಡ ಕಣ್ಲಾ! ನೀನೇನು ಆಲು ಕುಡೀದೆ ಬೆಳೆದೋನಾ?"

"ನಿನ್ ಗಂಡನ್ನ ಕೇಳಮ್ಮ, ಯಾತಕ್ಕೆ ಬಂದಿದೀವಿ ಅಂತ ಅವನೇ ಯೋಳ್ತಾನೆ," ಎಂದ ಅವನು. ಗಂಟು ಬಿಚ್ಚಲಾಗಲಿಲ್ಲ. ನಮ್ಮದೇ ಹುಲ್ಲಿನ ಬಣವೆಗೆ ಸಿಕ್ಕಿಸಿದ್ದ ನಮ್ಮದೇ ಕುಡುಗೋಲನ್ನು ಎಳೆದು ತಂದ.

ಆ ಕುಡುಗೋಲು ಹಸುವಿನ ಕೊರಳಿಗೂ ಅಮ್ಮನ ಬೆರಳುಗಳಿಗೂ ನಡುವೆ ಹೋದದ್ದನ್ನು ನಾನು ಈಗಲೂ ನೋಡುತ್ತೇನೆ. ಸೌತೆಕಾಯಿ ಹೆಚ್ಚುವಾಗ ನೋಡುತ್ತೇನೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ನೋಡುತ್ತೇನೆ. ಒಂದೇ ಎಳೆತ. ಹಗ್ಗ ತುಂಡಾಯಿತು, ಅಮ್ಮನ ಎರಡು ಬಳೆ ಒಡೆದವು, ಬೆರಳು ಉಳಿದವು. ಬೆದರಿದ ಹಸು ಅವನನ್ನೇ ತಳ್ಳಿಕೊಂಡು ಹೊಲದ ಕಡೆ ಓಡಿಹೋಯಿತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಬೈಕಿನವನು ಇಳಿದು ಬಂದು ಮಡಿಸಿದ ಒಂದು ಕಾಗದವನ್ನು ನನ್ನ ಕೈಗಿಟ್ಟ. "ಓದಿದೋಳು ನೀನು. ನಿಮ್ಮಪ್ಪನಿಗೆ ಓದಿ ಯೋಳು. ಸಂಬಳದ ದಿನದೊಳಗೆ ಸೈನ್ ಆಗಿರಬೇಕು. ಇಲ್ದಿದ್ರೆ ಅಸ, ಆಮೇಲೆ ಮನೆ."

ಅದು ಸ್ವಯಂ ನಿವೃತ್ತಿಯ ಅರ್ಜಿ. ತೊಂಬತ್ತರ ದಶಕದ ಶುರುವಿನಲ್ಲಿ ಗಣಿಯ ಕಡೆ ಎಲ್ಲರ ಬಾಯಲ್ಲೂ ಅದೇ ಮಾತು. ಮೊದಲೇ ಬಿಟ್ಟು ಹೋಗುವವರಿಗೆ ಒಂದಿಷ್ಟು ದುಡ್ಡು ಒಟ್ಟಿಗೆ ಸಿಗುತ್ತಿತ್ತು. ಅಪ್ಪನಿಗೆ ಇನ್ನೂ ಎಂಟು ವರ್ಷ ಕೆಲಸವಿತ್ತು. ಅವರಿಬ್ಬರನ್ನು ಕಳಿಸಿದ್ದ ರಾಬರ್ಟ್‌ಸನ್‌ಪೇಟೆಯ ಬಡ್ಡಿ ಸಾಹುಕಾರನಿಗೆ ಹಸುವಿನ ಮೇಲೆ ಆಸೆಯಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಆ ಎಂಟು ವರ್ಷ ಬಿಟ್ಟುಕೊಟ್ಟರೆ ಸಿಗುವ ಗಂಟು.

ಅಪ್ಪ ಬಂದರು. ಸೈಕಲ್ ನಿಲ್ಲಿಸಿದರು, ಒಡೆದ ಬಳೆ ನೋಡಿದರು, ಟಿಫನ್ ಕ್ಯಾರಿಯರನ್ನು ಕೆಳಗಿಟ್ಟರು. ಏನನ್ನೂ ಕೇಳಲಿಲ್ಲ. ಏನೂ ಕೇಳದಿದ್ದದ್ದರಿಂದಲೇ ಅವರಿಗೆ ಮೊದಲೇ ಗೊತ್ತಿತ್ತೆಂದು ನಮಗೆ ಅರ್ಥವಾಯಿತು.

ಅಂದಿನಿಂದ ಮೂವರಿಗೂ ನಿದ್ದೆಯಿಲ್ಲ. ಬೆಳಿಗ್ಗೆ ಎದ್ದು ಎಲ್ಲರೂ ಚೆನ್ನಾಗಿ ಮಲಗಿದ್ದವರ ಹಾಗೆ ನಟಿಸುತ್ತಿದ್ದೆವು.

ನಾನಾಗ ಆಂಡರ್ಸನ್‌ಪೇಟೆಯ ಒಂದು ಸಣ್ಣ ಶಾಲೆಯಲ್ಲಿ ತಾತ್ಕಾಲಿಕ ಟೀಚರ್. ಶಾಲೆಯ ಎದುರು ಮನೆಯ ಜಗಲಿಯ ಮೇಲೆ ಒಬ್ಬ ಅಜ್ಜ ದಿನವೂ ತಮಿಳು ಪೇಪರ್ ಓದುತ್ತಾ ಕೂತಿರುತ್ತಿದ್ದರು. ಗಣಿಯಲ್ಲಿ ಮೂವತ್ತು ವರ್ಷ ಸಂಬಳದ ಕಿಟಕಿಯ ಗುಮಾಸ್ತರಾಗಿದ್ದವರು. ಎಲ್ಲರಿಗೂ ಅವರು ತಾತ. ಬುಧವಾರ ನಾನು ಗೇಟು ದಾಟುವಾಗ ಪೇಪರ್ ಕೆಳಗಿಳಿಸಿದರು.

"ಏನಮ್ಮಾ ಟೀಚರ್, ಮೂರು ದಿನ ಆಯ್ತು, ವಾಚ್ ಕಟ್ಟಿಲ್ಲ. ಮಾರಿದ್ರಾ, ಅಡ ಇಟ್ರಾ?"

ನನಗೆ ಸಿಟ್ಟು ಬರಬೇಕಿತ್ತು. ಅಳು ಬಂತು. ಆ ಗಡಿಯಾರ ಕಟ್ಟಿದರೆ ಮೂರು ನಲವತ್ತೇ ಕಾಣುತ್ತದೆ ಎಂದೆ. ತಾತ ಪೇಪರ್ ಮಡಿಸಿದರು, ಒಳಗೆ ಕೂಗಿ ಎರಡು ಲೋಟ ಕಾಫಿ ತರಿಸಿದರು, ಪೂರ್ತಿ ಕೇಳಿಸಿಕೊಂಡರು.

"ಒಟ್ಟು ಎಷ್ಟು ಸಾಲ?"

"ಗೊತ್ತಿಲ್ಲ ತಾತ."

"ಬಿ.ಕಾಂ. ಅಲ್ವಾ ನೀನು? ಬೇರೆ ಕಂಪನಿ ಬ್ಯಾಲೆನ್ಸ್ ಷೀಟ್ ಎಲ್ಲಾ ಹಾಕಿದೀಯ, ಅಪ್ಪನದು ಹಾಕಿಲ್ಲ. ಸರಿ. ಅಮ್ಮನಿಗೆ ಗೊತ್ತಾ? ಊರಲ್ಲಿ ಯಾರಿಗಾದ್ರೂ? ಗಣಿಯಲ್ಲಿ ಜೊತೆ ಕೆಲಸದವರಿಗೆ?"

ಯಾರಿಗೂ ಗೊತ್ತಿರಲಿಲ್ಲ. ತಾತ ತಲೆಯಾಡಿಸಿದರು. "ಕಿಟಕಿಯಲ್ಲಿ ಕೂತು ನೋಡಿದೀನಮ್ಮಾ. ಸಂಬಳ ಎಣಿಸುವಾಗ ಯಾರ ಕಣ್ಣು ನೋಟಿನ ಮೇಲೆ ಇಲ್ಲದೆ ಗೇಟ್ ಕಡೆ ಹೋಗುತ್ತೋ ಅವನು ಸಿಕ್ಕಿಹಾಕಿಕೊಂಡೋನು. ಸಾಲ ಇರಲಿ ಬಿಡು, ಯಾರಿಗಿಲ್ಲ? ನಿಮ್ಮಪ್ಪ ಅದನ್ನ ಬಚ್ಚಿಟ್ಟದ್ದಕ್ಕೂ ಬಡ್ಡಿ ಕಟ್ತಾ ಇದಾರೆ. ಮೊದಲು ಒಂದು ಕಾಗದದಲ್ಲಿ ಎಲ್ಲಾ ಬರಿ. ಯಾರು ಎಷ್ಟು ತಿಂತಾನೆ ಅಂತ ಬರಿ. ಯಾರು ಜೋರಾಗಿ ಕೂಗ್ತಾನೆ ಅನ್ನೋದು ಬೇಡ. ಆ ಅರ್ಜಿಗೆ ಮಾತ್ರ ಪೆನ್ನು ಮುಟ್ಟಿಸಬೇಡ. ಮೊಟ್ಟೆ ಸಾಲಕ್ಕೆ ಯಾರಾದ್ರೂ ಕೋಳೀನೇ ಕೊಡ್ತಾರಾ?"

ಅಂದು ಸಂಜೆ ಹಟ್ಟಿಯ ಪಕ್ಕ ಅಪ್ಪನನ್ನು ಕೂರಿಸಿಕೊಂಡು ಬರೆದೆ. ಅಮ್ಮ ಹೊಲದಿಂದ ಮರಳಿ ಬಂದಿದ್ದ ಹಸುವಿನ ಹಾಲು ಕರೆಯುತ್ತಾ ಕೇಳಿಸಿಕೊಳ್ಳುತ್ತಿದ್ದರು. ಅಕ್ಕನ ಮದುವೆಗೆ ಊರಿನಲ್ಲಿ ಐದು ಸಾವಿರ, ಮೂರು ರೂಪಾಯಿ ಬಡ್ಡಿ. ಅಂದರೆ ನೂರಕ್ಕೆ ತಿಂಗಳಿಗೆ ಮೂರು. ರಾಬರ್ಟ್‌ಸನ್‌ಪೇಟೆಯಲ್ಲಿ ಆರು ಸಾವಿರ, ಹತ್ತು ರೂಪಾಯಿ ಬಡ್ಡಿ. ಅಲ್ಲಿಗೆ ಅಪ್ಪ ನಿಂತರು.

"ಇನ್ನೊಂದೈತೆ ಪಾಪಾ. ನಂದಲ್ಲ."

ಅಪ್ಪ ಗಣಿಯಲ್ಲಿ ಮರದ ಆಸರೆ ನಿಲ್ಲಿಸುವ ಕೆಲಸದವರು. ಅವರ ಜೊತೆಗಾರ ಬಂಗಾರಪೇಟೆಯಿಂದ ಅದೇ ರೈಲಿನಲ್ಲಿ ಬರುವ ತಮಿಳಿನವರು. ಅವರು ಅದೇ ಸಾಹುಕಾರನ ಹತ್ತಿರ ನಾಲ್ಕು ಸಾವಿರ ತೆಗೆದುಕೊಂಡಾಗ ಅಪ್ಪ ಜಾಮೀನು ಹಾಕಿದ್ದರು. ಅವರು ಕಟ್ಟುತ್ತಿಲ್ಲವೆಂದು ಹೇಳಿ ಸಾಹುಕಾರ ಹದಿನಾಲ್ಕು ತಿಂಗಳಿನಿಂದ ಆ ಬಡ್ಡಿಯನ್ನೂ ಅಪ್ಪನಿಂದಲೇ ವಸೂಲು ಮಾಡುತ್ತಿದ್ದ. ಎರಡೂ ಸೇರಿ ತಿಂಗಳಿಗೆ ಸಾವಿರ. ಅಪ್ಪನ ಸಂಬಳದ ಅರ್ಧ.

"ಅವರನ್ನ ಒಂದು ಮಾತು ಕೇಳಲಿಲ್ವಾ?"

"ಎಂಗೆ ಕೇಳ್ಲಿ? ಕೆಳಗೆ ನಾನು ತೊಲೆ ಎತ್ತಿದಾಗ ಅವನು ಆನಿಕೆ ಕೊಡ್ತಾನೆ. ಅವನು ಕೈ ಬಿಟ್ರೆ ನಾನಿಲ್ಲ. ಅಂತಾವನ್ನ ಮೇಲೆ ಬಂದು ದುಡ್ಡು ಕಟ್ಟಿದ್ಯಾ ಅಂತ ಕೇಳಾದಾ?"

ನಾನು ಆ ನಾಲ್ಕು ಸಾವಿರವನ್ನೂ ಬರೆದೆ. ಬರೆದದ್ದನ್ನು ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಊರಿನವರು ಅಪ್ಪನಿಗೆ ಸಾಲ ಕೊಟ್ಟದ್ದು ಗಣಿಯ ಸಂಬಳವಿದೆ ಎಂದು. ಗಣಿಯ ಕಡೆ ಕೊಟ್ಟದ್ದು ಊರಿನಲ್ಲಿ ಹೊಲ, ಹಸು ಇದೆ ಎಂದು. ಊರಿನಲ್ಲಿ ಗಣಿಯ ಸಾಲ ಹೇಳಲಿಲ್ಲ, ಗಣಿಯಲ್ಲಿ ಊರಿನ ಸಾಲ ಹೇಳಲಿಲ್ಲ. ಮಾನ ಉಳಿಸಿಕೊಳ್ಳಲು ಮೂರು ರೂಪಾಯಿ ಬಡ್ಡಿಯವರಿಗೆ ಮೊದಲು ತಪ್ಪದೆ ಕೊಟ್ಟು, ಹತ್ತು ರೂಪಾಯಿಯವನಿಗೆ ಬರೀ ಬಡ್ಡಿ ಕಟ್ಟಿ ಅಸಲು ಹಾಗೇ ಉಳಿಸಿಕೊಂಡಿದ್ದರು. ನಮ್ಮ ಕಡೆ ರೈಲು ಹತ್ತಿ ಗಣಿಗೆ ಹೋಗುವ ಎಷ್ಟೋ ಮನೆಗಳ ಲೆಕ್ಕ ಹೀಗೇ ಇತ್ತು.

ಮರುದಿನ ತಾತನಿಗೆ ಕಾಗದ ತೋರಿಸಿದೆ. ಅವರು ನಾಲ್ಕು ಸಾವಿರದ ಸಾಲಿನ ಮೇಲೆ ಬೆರಳಿಟ್ಟರು. "ಇದನ್ನ ನಿಮ್ಮಪ್ಪ, ಆ ಜೊತೆಗಾರ ಇಬ್ಬರೂ ಒಂದೇ ಕಡೆ ಕೂತು ಜೋರಾಗಿ ಹೇಳಬೇಕು. ಊರಿನವರೂ ಗಣಿಯವರೂ ಒಟ್ಟಿಗೆ ಇರೋ ಜಾಗ ಎಲ್ಲಿದೆ?"

"ರೈಲು," ಎಂದೆ.

ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ ಕುದಿದುಹೋದರು. "ಬೋಗೀಲಿ ಬಟ್ಟೆ ಬಿಚ್ಚು ಅಂತೀಯಾ?" ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮುಂಜಾನೆ ಅಮ್ಮ ತುಂಡಾದ ಹಗ್ಗವನ್ನು ತಂದು ಟಿಫನ್ ಕ್ಯಾರಿಯರ್ ಪಕ್ಕ ಇಟ್ಟರು. "ಬಟ್ಟೆ ಬಿಚ್ಚಾಕೆ ನಾಚ್ಕೆ ಆದ್ರೆ ಇದನ್ನ ತಕ್ಕೊಂಡೋಗು. ಇದನ್ನೇ ತೋರ್ಸು."

ಆ ಬೆಳಿಗ್ಗೆ ನಾನೂ ಅದೇ ರೈಲು ಹತ್ತಿದೆ. ಬೋಗಿಯಲ್ಲಿ ಎಂದಿನ ಗಲಾಟೆ. ಮಂಡಿಗಳ ಮೇಲೆ ಟವೆಲ್ ಹಾಸಿ ಇಸ್ಪೀಟು, ಬೀಡಿ ಹೊಗೆ, ತಿಂಗಳ ಚೀಟಿಯ ಲೆಕ್ಕ. ಇಪ್ಪತ್ತು ಜನ ಸೇರಿ ನಡೆಸುತ್ತಿದ್ದ ಚೀಟಿ ಅದು. ತಿಂಗಳಿಗೆ ತಲಾ ಇನ್ನೂರೈವತ್ತು, ಯಾರು ಹೆಚ್ಚು ಬಿಟ್ಟು ಕೂಗುತ್ತಾರೋ ಅವರಿಗೆ ಆ ತಿಂಗಳ ಗಂಟು. ಅಪ್ಪನೂ ಅದರಲ್ಲಿದ್ದರು. ರೈಲು ಹೊರಟ ಮೇಲೆ ಎದ್ದು ನಿಂತರು. ಚೀಲದಿಂದ ಹಗ್ಗ ತೆಗೆದರು.

"ನನ್ನ ಎಂಡ್ರು ಕೈಲಿದ್ದ ಅಗ್ಗಾನ ಸಾಲದೋರು ಕುಯ್ದವ್ರೆ," ಎಂದರು. ಇಸ್ಪೀಟು ನಿಂತಿತು. ಎಲ್ಲಾ ಹೇಳಿದರು. ಊರಿನದು, ಪೇಟೆಯದು. ಜಾಮೀನಿನ ಮಾತು ಬಂದಾಗ ಮಾತ್ರ ಜೊತೆಗಾರನ ಮುಖ ನೋಡಲಿಲ್ಲ, ಕಿಟಕಿ ನೋಡಿದರು.

ಜೊತೆಗಾರ ಟವೆಲ್ ಒದರಿ ಎದ್ದರು. "ಅಣ್ಣೇ, ಏನು ಮಾತಾಡ್ತೀಯ? ನಾನು ಕಟ್ಟಿಲ್ವಾ? ವಾರಾವಾರ ಆ ಗೀರು ಅಂಗಿಯೋನು ಬಂದು ನನ್ನ ಹೆಂಡತಿ ಕೈಯಿಂದ ನೂರು ಎಣಿಸಿಕೊಂಡು ಹೋಗ್ತಾನೆ! ಕ್ಯಾಲೆಂಡರ್ ಮೇಲೆ ಅವನ ಕೈಲೇ ಸೈನ್ ಹಾಕಿಸಿ ಇಟ್ಟಿದಾಳೆ!"

ಅಪ್ಪ ಕಿಟಕಿಯಿಂದ ಅವರ ಕಡೆ ತಿರುಗಿದರು.

"ತಂಬಿ, ಅಂಗಾದ್ರೆ ನಂಗ್ಯಾಕೆ ಯೋಳ್ಲಿಲ್ಲ?"

"ನೀನು ಕೇಳಿದ್ಯಾ?"

ಯಾರೋ ಮೂಲೆಯಿಂದ, "ಕೆಳಗೆ ಕತ್ತಲಲ್ಲಿ ಮಾತ್ರ ಮಾತಾಡ್ತಾರೆ ಕಣ್ಲಾ ಇಬ್ರೂ, ಬೆಳಕಲ್ಲಿ ನಾಚ್ಕೆ!" ಎಂದ. ನಗು ಎದ್ದಿತು. ಅಪ್ಪನೂ ನಕ್ಕರು. ಅವರು ನಕ್ಕದ್ದನ್ನು ಕಂಡು ಎಷ್ಟು ದಿನವಾಗಿತ್ತೆಂದು ನನಗೆ ಆಗ ಹೊಳೆಯಿತು.

ಕೋರಮಂಡಲ್ ನಿಲ್ದಾಣ ದಾಟುವಷ್ಟರಲ್ಲಿ ಬೋಗಿ ತೀರ್ಮಾನಿಸಿತ್ತು. ಈ ತಿಂಗಳ ಚೀಟಿಗೆ ಯಾರೂ ಕೂಗುವುದಿಲ್ಲ, ಗಂಟು ಅಪ್ಪನಿಗೆ. ನಡೆಸುವವರ ಕಮಿಷನ್ ಕಳೆದು ನಾಲ್ಕು ಸಾವಿರದ ಏಳುನೂರೈವತ್ತು. ಊರಿನ ಸಾಲದವರ ಮೈದುನ ಅದೇ ಬೋಗಿಯಲ್ಲಿದ್ದ. "ನಮ್ದು ಆರು ತಿಂಗ್ಳು ನಿಲ್ಲಲಿ ಬುಡಿ, ನಾನು ಮಾತಾಡ್ತೀನಿ," ಎಂದ. ಕೇಳಿದರೆ ಮಾನ ಹೋಗುತ್ತದೆಂದು ಅಪ್ಪ ಹೆದರಿದ್ದ ಮಾತು ಇಷ್ಟೇ ಆಗಿತ್ತು.

ಸಂಬಳದ ದಿನ ಗೇಟಿನ ಹೊರಗೆ ಗೋಡೆಯುದ್ದಕ್ಕೂ ಸಾಲ ಕೊಟ್ಟವರು ಪುಸ್ತಕ ಹಿಡಿದು ಕೂರುವುದು ರೂಢಿ. ಸಾಹುಕಾರನೂ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ. ಗೀರು ಅಂಗಿಯವನು ಪಕ್ಕದಲ್ಲಿದ್ದ. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಆದರೆ ಈ ಸಲ ನಡೆದೆ. ತಾತ ಕೊಡೆ ಊರಿಕೊಂಡು ಬಂದಿದ್ದರು, ಹಿಂದೆ ಬೋಗಿಯ ಎಂಟು ಹತ್ತು ಜನ.

ಸಾಹುಕಾರ ತಿಂಗಳ ಬಡ್ಡಿ ಬರೆದು ಕೊಡುತ್ತಿದ್ದ ಅಪ್ಪನ ಕಾರ್ಡನ್ನೂ ಜೊತೆಗಾರನ ಮನೆಯ ಕ್ಯಾಲೆಂಡರನ್ನೂ ನಾನು ಪಕ್ಕಪಕ್ಕ ಹಿಡಿದೆ. ಲೆಕ್ಕ ಓದಿದೆ. ಒಂದೇ ಸಾಲಕ್ಕೆ ಇಬ್ಬರಿಂದ ಬಡ್ಡಿ. ಅಪ್ಪ ಹೆಚ್ಚಾಗಿ ಕೊಟ್ಟದ್ದು ತಿಂಗಳಿಗೆ ನಾನೂರರಂತೆ ಐದು ಸಾವಿರದ ಆರುನೂರು. ಅದರಲ್ಲಿ ಜೊತೆಗಾರನ ಅಸಲು ನಾಲ್ಕು ಸಾವಿರ ಮುಗಿಯಿತು. ಮಿಕ್ಕ ಸಾವಿರದ ಆರುನೂರು ಅಪ್ಪನ ಅಸಲಿಗೆ ಜಮಾ. ಉಳಿದದ್ದು ನಾಲ್ಕು ಸಾವಿರದ ನಾನೂರು. ನನ್ನ ದನಿ ಮೊದಲ ಸಾಲಿನಲ್ಲಿ ಒಡೆಯಿತು, ಕೊನೆಯ ಸಾಲಿನಲ್ಲಿ ಒಡೆಯಲಿಲ್ಲ.

"ಯಾವನಮ್ಮಾ ನಿನಗೆ ಲೆಕ್ಕ ಕಲಿಸಿದ್ದು?" ಎಂದ ಸಾಹುಕಾರ.

ತಾತ ಕೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡರು. "ಸಾಮೀ, ಜೋರಾಗಿ ಮಾತಾಡಬೇಡಿ. ಹಿಂದೆ ನೋಡಿ."

ಸಂಬಳ ತೆಗೆದುಕೊಂಡು ಬರುತ್ತಿದ್ದವರು ನಿಂತುಬಿಟ್ಟಿದ್ದರು. ಒಬ್ಬೊಬ್ಬರಾಗಿ ಜೇಬಿನಿಂದ ತಮ್ಮ ತಮ್ಮ ಕಾರ್ಡು ತೆಗೆದು, "ನಿಂಗೆ ಜಾಮೀನು ಯಾರು? ನಂಗೆ ನೀನಲ್ವಾ?" ಎಂದು ಒಬ್ಬರನ್ನೊಬ್ಬರು ಕೇಳತೊಡಗಿದ್ದರು. ಸಾಹುಕಾರ ಅದನ್ನು ನೋಡಿದ. ಪೆನ್ನಿನ ಮುಚ್ಚಳ ತೆಗೆದ. ಅಪ್ಪ ಚೀಟಿಯ ಗಂಟಿನಿಂದ ನಾಲ್ಕು ಸಾವಿರದ ನಾನೂರು ಎಣಿಸಿಕೊಟ್ಟು, ಎರಡೂ ಸಾಲದ ಪತ್ರ ಹರಿಸಿ, ಕೊನೆಗೆ ಮಡಿಸಿದ ಅರ್ಜಿಯನ್ನು ಖಾಲಿಯಾಗಿಯೇ ಅವನ ಮುಂದಿಟ್ಟರು. "ಇದು ನಿಮ್ಮದೇ. ನಿಮ್ಮ ಉಡುಗನಿಗೆ ಬೇಕಾದ್ರೆ ಕೊಡಿ, ಅವನಿಗೆ ಈ ಕೆಲಸದಿಂದ ನಿವೃತ್ತಿ ಆಗ್ಲಿ."

ಅಪ್ಪ ಪೂರ್ತಿ ಎಂಟು ವರ್ಷ ಕೆಲಸ ಮಾಡಿದರು. ಚೀಟಿಯ ಕಂತುಗಳನ್ನೂ ಊರಿನ ಸಾಲವನ್ನೂ ಅದೇ ಸಂಬಳದಲ್ಲಿ ತೀರಿಸಿದರು.

ನಿದ್ದೆ ಮಾತ್ರ ಆ ಸಂಬಳದ ದಿನವೇ ಬರಲಿಲ್ಲ. ಬೈಕಿನ ಸದ್ದಾದರೆ ಮೂವರೂ ಎದ್ದು ಕೂರುತ್ತಿದ್ದೆವು. ಹೊಸ ಹಗ್ಗ ತಂದ ವಾರದ ಭಾನುವಾರ ನನ್ನನ್ನು ಎಬ್ಬಿಸಿದ್ದು ಹಸು. ಕೆಚ್ಚಲು ಬಿಗಿದು ಅಂಬಾ ಎಂದು ಒಂದೇ ಸಮನೆ ಕೂಗುತ್ತಿತ್ತು. ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಮಾಡದಿಂದ ಗಡಿಯಾರ ತೆಗೆದು ನೋಡಿದೆ. ಏಳು ಗಂಟೆ ಇಪ್ಪತ್ತು ನಿಮಿಷ.

ಅಮ್ಮ ಕೂದಲು ಕಟ್ಟಿಕೊಳ್ಳುತ್ತಾ ಹೊರಗೆ ಓಡಿದರು. "ಅಯ್ಯೋ, ಡೈರಿ ಟೈಮು ಓಯ್ತಲ್ಲಪ್ಪಾ! ಇಷ್ಟು ಆಲು ಏನ್ ಮಾಡಾದು?"

ಅಪ್ಪ ಹೊದಿಕೆಯೊಳಗಿಂದಲೇ ಹೇಳಿದರು. "ಕಾಸು. ಕುಡಿಯಾನ."